ಬೆಳಕಿನ ಮಾಲಿನ್ಯದ ನಡುವೆ ನೀಹಾರಿಕೆಗಳ ಛಾಯಾಗ್ರಹಣ: ನ್ಯಾರೋಬ್ಯಾಂಡ್ ಫಿಲ್ಟರ್ ಬಳಕೆಯ ಸಮಗ್ರ ಮಾರ್ಗದರ್ಶಿ

ನಗರದ ಆಕಾಶದಲ್ಲಿ ಬರಿಗಣ್ಣಿಗೆ ಬೆರಳೆಣಿಕೆಯ ನಕ್ಷತ್ರಗಳಷ್ಟೇ ಕಾಣುತ್ತವೆ. ಆದರೂ ಅದೇ ಆಕಾಶದಡಿಯಲ್ಲಿ, ಮನೆಯ ತಾರಸಿಯಿಂದಲೇ, ಸಾವಿರಾರು ಜ್ಯೋತಿರ್ವರ್ಷ ದೂರದ ನೀಹಾರಿಕೆಗಳ ಸೂಕ್ಷ್ಮ ಎಳೆಗಳನ್ನು ಚಿತ್ರದಲ್ಲಿ ಹಿಡಿಯಲು ಸಾಧ್ಯವಿದೆ. ಇದಕ್ಕೆ ಬೇಕಾದ ಮುಖ್ಯ ಸಾಧನ ನ್ಯಾರೋಬ್ಯಾಂಡ್ ಫಿಲ್ಟರ್, ಅಂದರೆ ತರಂಗಾಂತರಗಳ ಬಹಳ ಕಿರಿದಾದ ಒಂದು ಪಟ್ಟಿಯನ್ನು ಮಾತ್ರ ಒಳಬಿಡುವ ಗಾಜು. ಈ ಫಿಲ್ಟರ್ ನೀಹಾರಿಕೆಯ ಬೆಳಕನ್ನು ಒಂದಿಷ್ಟೂ ಹೆಚ್ಚಿಸುವುದಿಲ್ಲ, ಹಿನ್ನೆಲೆಯ ಬೆಳಕನ್ನು ತಗ್ಗಿಸುತ್ತದೆ ಅಷ್ಟೆ, ಎಂಬುದನ್ನು ಆರಂಭದಲ್ಲೇ ಮನದಟ್ಟು ಮಾಡಿಕೊಳ್ಳಬೇಕು. ಉಳಿದ ಅಲ್ಪ ಬೆಳಕನ್ನು ತಾಳ್ಮೆಯಿಂದ ಕೂಡಿಹಾಕುವ ಕೆಲಸ ಛಾಯಾಗ್ರಾಹಕರದು. ಯಾವ ಫಿಲ್ಟರ್ ಕೊಳ್ಳಬೇಕು, ಎಷ್ಟು ಹೊತ್ತಿನ ಎಕ್ಸ್‌ಪೋಷರ್ ಕೊಡಬೇಕು, ಚಂದ್ರನಿರುವ ರಾತ್ರಿಯಲ್ಲಿ ಏನು ಮಾಡಬೇಕು ಎಂಬ ಪ್ರಶ್ನೆಗಳೆಲ್ಲವೂ ಈ ಒಂದೇ ಸಂಗತಿಯಿಂದ ಹುಟ್ಟುತ್ತವೆ.

ನೀಹಾರಿಕೆಯ ಬೆಳಕು ಮತ್ತು ನಗರದ ಬೆಳಕು

ಅತಿ ಬಿಸಿಯಾದ ಎಳೆಯ ನಕ್ಷತ್ರಗಳು ಸೂಸುವ ಅತಿನೇರಳೆ ಕಿರಣಗಳು ಸುತ್ತಲಿನ ಅನಿಲದ ಪರಮಾಣುಗಳಿಂದ ಇಲೆಕ್ಟ್ರಾನುಗಳನ್ನು ಕಿತ್ತುಹಾಕುತ್ತವೆ. ಆ ಇಲೆಕ್ಟ್ರಾನುಗಳು ಮರಳಿ ಪರಮಾಣುವನ್ನು ಸೇರಿ, ಶಕ್ತಿಯ ಒಂದೊಂದೇ ಮಟ್ಟವನ್ನು ಇಳಿಯುವಾಗ ಕೆಲವು ನಿರ್ದಿಷ್ಟ ತರಂಗಾಂತರಗಳಲ್ಲಿ ಮಾತ್ರ ಬೆಳಕು ಹೊಮ್ಮುತ್ತದೆ. ಹೈಡ್ರೋಜನ್ ಪರಮಾಣುವಿನಲ್ಲಿ ಇಲೆಕ್ಟ್ರಾನು ಮೂರನೆಯ ಮಟ್ಟದಿಂದ ಎರಡನೆಯದಕ್ಕೆ ಇಳಿದಾಗ 656.3 ನ್ಯಾನೋಮೀಟರಿನ ಕಡುಗೆಂಪು ಬೆಳಕು ಬರುತ್ತದೆ. ಇದೇ ಹೈಡ್ರೋಜನ್ ಆಲ್ಫಾ. ಎರಡು ಇಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕ 495.9 ಮತ್ತು 500.7 ನ್ಯಾನೋಮೀಟರುಗಳಲ್ಲಿ ನೀಲಿಹಸಿರಾಗಿ ಬೆಳಗುತ್ತದೆ. ಇದನ್ನು ಆಕ್ಸಿಜನ್-3 ಎನ್ನುತ್ತಾರೆ. ಒಂದು ಇಲೆಕ್ಟ್ರಾನನ್ನು ಕಳೆದುಕೊಂಡ ಗಂಧಕದ ರೇಖೆಗಳು 671.6 ಮತ್ತು 673.1 ನ್ಯಾನೋಮೀಟರುಗಳಲ್ಲಿವೆ, ಇದು ಸಲ್ಫರ್-2.

ಆಮ್ಲಜನಕದ ಈ ಹಸಿರು ರೇಖೆಗೆ ದೊಡ್ಡ ಇತಿಹಾಸವಿದೆ. 1864ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ವಿಲಿಯಂ ಹಗಿನ್ಸ್ ತಮ್ಮ ರೋಹಿತದರ್ಶಕವನ್ನು ಇಂದು ಕ್ಯಾಟ್ಸ್ ಐ ಎಂದು ಹೆಸರಾಗಿರುವ ನೀಹಾರಿಕೆ ಎನ್‌ಜಿಸಿ 6543ರತ್ತ (ಎನ್‌ಜಿಸಿ ಎಂಬುದು ಆಕಾಶಕಾಯಗಳ ಒಂದು ಪಟ್ಟಿ) ತಿರುಗಿಸಿದಾಗ, ನಕ್ಷತ್ರಗಳಲ್ಲಿ ಕಾಣುವಂಥ ಅಖಂಡ ರೋಹಿತದ ಬದಲು ಬಿಡಿ ರೇಖೆಗಳು ಕಂಡವು. ನೀಹಾರಿಕೆ ಹೊಳೆಯುವ ಅನಿಲವೆಂದು ಅದರಿಂದ ಖಚಿತವಾಯಿತು. ಆದರೆ ಮುಖ್ಯವಾದ ಹಸಿರು ರೇಖೆ ಭೂಮಿಯ ಮೇಲೆ ತಿಳಿದಿದ್ದ ಯಾವ ಮೂಲವಸ್ತುವಿಗೂ ಹೊಂದದ್ದರಿಂದ ಅದು ನೆಬ್ಯುಲಿಯಂ ಎಂಬ ಹೊಸ ಮೂಲವಸ್ತುವಿನದೆಂದು ಬಹುಕಾಲ ನಂಬಲಾಗಿತ್ತು. 1927ರಲ್ಲಿ ಅಮೆರಿಕದ ವಿಜ್ಞಾನಿ ಐರಾ ಬೋವೆನ್, ಅತ್ಯಂತ ವಿರಳವಾದ ಅನಿಲದಲ್ಲಿ ಮಾತ್ರ ಹುಟ್ಟಬಲ್ಲ ಆಮ್ಲಜನಕದ ರೇಖೆ ಇದೆಂದು ತೋರಿಸಿಕೊಟ್ಟರು. ನಮ್ಮ ಆಕ್ಸಿಜನ್-3 ಫಿಲ್ಟರ್ ಒಳಬಿಡುವುದು ಇದೇ ಬೆಳಕನ್ನು.

ನಗರದ ಬೆಳಕು ಇದಕ್ಕೆ ತದ್ವಿರುದ್ಧ. ಹಳೆಯ ಸೋಡಿಯಂ ದೀಪಗಳ ಬೆಳಕು 589 ನ್ಯಾನೋಮೀಟರಿನ ಆಸುಪಾಸಿನಲ್ಲಿ ಹೆಚ್ಚಾಗಿ ಗುಂಪುಗೂಡಿರುತ್ತಿತ್ತು. ಆ ಭಾಗವನ್ನಷ್ಟೇ ತಡೆಯುವ ಸಾಮಾನ್ಯ ಬೆಳಕು ಮಾಲಿನ್ಯ ಫಿಲ್ಟರ್‌ಗಳು ಆಗ ತಕ್ಕಮಟ್ಟಿಗೆ ಉಪಯೋಗವಾಗುತ್ತಿದ್ದವು. ಬಿಳಿ ಎಲ್‌ಇಡಿ ದೀಪಗಳು ರೋಹಿತದ ಉದ್ದಕ್ಕೂ ಹರಡಿಕೊಂಡಿರುವುದರಿಂದ ಅಂಥ ಫಿಲ್ಟರ್‌ಗಳಿಂದ ಈಗ ಹೆಚ್ಚಿನ ಪ್ರಯೋಜನವಿಲ್ಲ. ಗೋಚರ ಬೆಳಕಿನ ಹರವನ್ನು 400ರಿಂದ 700 ನ್ಯಾನೋಮೀಟರ್ ಎಂದು ಇಟ್ಟುಕೊಂಡರೆ, 3 ನ್ಯಾನೋಮೀಟರ್ ಅಗಲದ ಪಟ್ಟಿಯನ್ನಷ್ಟೇ ಒಳಬಿಡುವ ಫಿಲ್ಟರ್ ಈ ಹಿನ್ನೆಲೆಯಲ್ಲಿ ಸ್ಥೂಲವಾಗಿ ನೂರರಲ್ಲಿ ಒಂದು ಪಾಲನ್ನು ಮಾತ್ರ ಬಿಟ್ಟುಕೊಡುತ್ತದೆ, ನೀಹಾರಿಕೆಯ ರೇಖೆಯನ್ನಾದರೋ ಬಹುಪಾಲು ಹಾಗೆಯೇ ಉಳಿಸುತ್ತದೆ.

ಈ ವಿಧಾನ ಎಲ್ಲ ಕಾಯಗಳಿಗೂ ಸಲ್ಲುವುದಿಲ್ಲ. ಕೃತ್ತಿಕೆಯ ಸುತ್ತಲಿನ ನೀಲಿ ಮುಸುಕಿನಂಥ ಪ್ರತಿಫಲನ ನೀಹಾರಿಕೆಗಳು, ಕಪ್ಪು ಧೂಳಿನ ಮೋಡಗಳು ಮತ್ತು ಗೆಲಾಕ್ಸಿಗಳ ನಕ್ಷತ್ರಬೆಳಕು ಅಖಂಡ ರೋಹಿತದವು. ಫಿಲ್ಟರ್ ನಗರದ ಬೆಳಕಿನೊಡನೆ ಅವನ್ನೂ ಅಷ್ಟೇ ಪ್ರಮಾಣದಲ್ಲಿ ಕತ್ತರಿಸುತ್ತದೆ. ಅವುಗಳಿಗೆ ಕತ್ತಲ ಆಕಾಶವೇ ಬೇಕು.

ಮೊದಲ ಹೆಜ್ಜೆ: ಕ್ಯಾಮೆರಾ ಮತ್ತು ಫಿಲ್ಟರ್ ಆಯ್ಕೆ

ಬಣ್ಣದ ಕ್ಯಾಮೆರಾದ ಸೆನ್ಸರಿನಲ್ಲಿ ನಾಲ್ಕು ಪಿಕ್ಸೆಲ್‌ಗಳಿಗೆ ಒಂದು ಮಾತ್ರ ಕೆಂಪಿಗೆ ಮೀಸಲಾಗಿರುತ್ತದೆ. ಹೀಗಾಗಿ ಹೈಡ್ರೋಜನ್ ಆಲ್ಫಾ ಬೆಳಕು ಮುಖ್ಯವಾಗಿ ಕಾಲುಭಾಗ ಪಿಕ್ಸೆಲ್‌ಗಳಲ್ಲಷ್ಟೇ ದಾಖಲಾಗುತ್ತದೆ. 500.7 ನ್ಯಾನೋಮೀಟರಿನ ಬೆಳಕು ಹಸಿರು ಮತ್ತು ನೀಲಿ ಎರಡರಲ್ಲೂ ಬೀಳುವುದರಿಂದ ಆಮ್ಲಜನಕದ ಸ್ಥಿತಿ ಇಷ್ಟು ಕಷ್ಟದ್ದಲ್ಲ. ಏಕವರ್ಣ ಕ್ಯಾಮೆರಾದಲ್ಲಿ ಪ್ರತಿ ಪಿಕ್ಸೆಲ್ಲೂ ಪ್ರತಿ ರೇಖೆಗೂ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ಫಿಲ್ಟರ್ ಚಕ್ರ, ಮೂರು ಪ್ರತ್ಯೇಕ ಫಿಲ್ಟರ್‌ಗಳು ಮತ್ತು ಪ್ರತಿ ಫಿಲ್ಟರಿಗೂ ಬೇರೆ ಬೇರೆ ಫ್ಲ್ಯಾಟ್ ಫ್ರೇಮ್‌ಗಳು (ಧೂಳು ಮತ್ತು ಅಂಚಿನ ಮಬ್ಬನ್ನು ಸರಿಪಡಿಸಲು ಸಮನಾದ ಬೆಳಕಿನಲ್ಲಿ ತೆಗೆಯುವ ಚಿತ್ರಗಳು) ಬೇಕಾಗುತ್ತವೆ.

ಬಣ್ಣದ ಕ್ಯಾಮೆರಾ ಈಗಾಗಲೇ ಇದ್ದರೆ, ಹೈಡ್ರೋಜನ್ ಆಲ್ಫಾ ಮತ್ತು ಆಕ್ಸಿಜನ್-3 ಎರಡನ್ನೂ ಒಟ್ಟಿಗೆ ಬಿಡುವ ಡ್ಯುಯಲ್ ಬ್ಯಾಂಡ್ ಫಿಲ್ಟರಿನಿಂದ ಆರಂಭಿಸುವುದು ಸರಿಯಾದ ದಾರಿ. ಮೋಡ ಕವಿಯುವ ಮುನ್ನ ಸಿಕ್ಕ ಎರಡು ಗಂಟೆಗಳಲ್ಲಿ ಎರಡೂ ರೇಖೆಗಳ ದತ್ತಾಂಶ ಕೈಗೆ ಬರುತ್ತದೆ. ಏಕವರ್ಣ ಕ್ಯಾಮೆರಾ ಕೊಳ್ಳುವವರು ಮೂರು ಫಿಲ್ಟರ್‌ಗಳನ್ನೂ ಒಮ್ಮೆಗೇ ಕೊಳ್ಳಬೇಕಾಗಿಲ್ಲ. ಹೈಡ್ರೋಜನ್ ಆಲ್ಫಾ ಒಂದರಲ್ಲೇ ತೆಗೆದ ಕಪ್ಪುಬಿಳುಪು ಚಿತ್ರ ಸ್ವತಂತ್ರವಾಗಿ ಸುಂದರವಾಗಿರುತ್ತದೆ, ಮೌಂಟ್ (ದೂರದರ್ಶಕವನ್ನು ಹೊತ್ತು ತಿರುಗಿಸುವ ಪೀಠ), ಫೋಕಸ್ ಮತ್ತು ಗೈಡಿಂಗ್ (ಒಂದು ನಕ್ಷತ್ರವನ್ನು ಗಮನಿಸುತ್ತ ಮೌಂಟಿನ ಚಲನೆಯನ್ನು ತಿದ್ದುತ್ತಿರುವುದು) ಕಲಿಯಲು ಅದಕ್ಕಿಂತ ಒಳ್ಳೆಯ ಅಭ್ಯಾಸವೂ ಇಲ್ಲ. ಸಾಮಾನ್ಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಬಳಸುವವರು ಒಂದು ಅಂಶವನ್ನು ಗಮನಿಸಬೇಕು: ಸೆನ್ಸರಿನ ಮುಂದೆ ಕಾರ್ಖಾನೆಯಲ್ಲೇ ಅಳವಡಿಸಿರುವ ಅವಕೆಂಪು ತಡೆಯುವ ಗಾಜು 656.3 ನ್ಯಾನೋಮೀಟರಿನ ಬೆಳಕಿನ ಹೆಚ್ಚಿನ ಪಾಲನ್ನೂ ತಡೆಯುತ್ತದೆ. ಆ ಗಾಜನ್ನು ಬದಲಾಯಿಸದ ಕ್ಯಾಮೆರಾಕ್ಕೆ ನ್ಯಾರೋಬ್ಯಾಂಡ್ ಫಿಲ್ಟರ್ ಹಾಕಿದರೆ ನಿರಾಶೆಯೇ ಹೆಚ್ಚು.

ಫಿಲ್ಟರಿನ ಅಗಲ ಎಷ್ಟಿರಬೇಕೆಂಬುದು ಮುಂದಿನ ಪ್ರಶ್ನೆ. ಮಾರುಕಟ್ಟೆಯಲ್ಲಿ 3, 5, 6, 7 ಮತ್ತು 12 ನ್ಯಾನೋಮೀಟರ್ ಅಗಲದ ಫಿಲ್ಟರ್‌ಗಳು ಸಿಗುತ್ತವೆ. 6ರಿಂದ 3ಕ್ಕೆ ಇಳಿದರೆ ಹಿನ್ನೆಲೆಯ ಬೆಳಕು ಅರ್ಧವಾಗುತ್ತದೆ. ಹಿನ್ನೆಲೆಯೇ ನಾಯ್ಸ್‌ನ (ಚಿತ್ರವನ್ನು ಒರಟಾಗಿಸುವ ಯಾದೃಚ್ಛಿಕ ಏರಿಳಿತದ) ಮುಖ್ಯ ಮೂಲವಾಗಿರುವ ಆಕಾಶದಲ್ಲಿ, ಸಿಗ್ನಲ್ ಮತ್ತು ನಾಯ್ಸ್‌ನ ಅನುಪಾತದಲ್ಲಿ ಇದರಿಂದ ಸಿಗುವ ಲಾಭ ಸುಮಾರು 1.4 ಪಟ್ಟು, ಅಂದರೆ 6 ನ್ಯಾನೋಮೀಟರ್ ಫಿಲ್ಟರಿನಲ್ಲಿ ಎರಡರಷ್ಟು ಹೊತ್ತು ಬೆಳಕು ಕೂಡಿಹಾಕಿದಷ್ಟು ಫಲ. ನಗರದ ನಡುವೆ ಇರುವವರಿಗೆ ಆಕ್ಸಿಜನ್-3ರಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಖರ್ಚು ಮಾಡಲು ಶಕ್ತಿಯಿದ್ದು ಒಂದೇ ಫಿಲ್ಟರನ್ನು ಉತ್ತಮ ದರ್ಜೆಯದಾಗಿ ಕೊಳ್ಳಬಹುದಾದರೆ ಅದು ಆಕ್ಸಿಜನ್-3 ಆಗಿರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅಗ್ಗದ ಫಿಲ್ಟರ್‌ಗಳಲ್ಲಿ ಪ್ರಕಾಶಮಾನ ನಕ್ಷತ್ರಗಳ ಸುತ್ತ ಮೂಡುವ ದೊಡ್ಡ ಮಬ್ಬು ವರ್ತುಲಗಳು ಹೆಚ್ಚಾಗಿ ಕಾಡುವುದೂ ಇದೇ ರೇಖೆಯಲ್ಲಿ.

ಬಹಳ ಕಿರಿದಾದ ಫಿಲ್ಟರ್‌ಗಳಿಗೆ ಎರಡು ಮಿತಿಗಳಿವೆ. ಮೊದಲನೆಯದು ದೂರದರ್ಶಕದ ಎಫ್ ಅನುಪಾತಕ್ಕೆ, ಅಂದರೆ ನಾಭಿದೂರವನ್ನು ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆಗೆ, ಸಂಬಂಧಿಸಿದ್ದು. ಈ ಫಿಲ್ಟರ್‌ಗಳು ತೆಳು ಪದರಗಳಲ್ಲಿ ಬೆಳಕಿನ ವ್ಯತಿಕರಣದಿಂದ ಕೆಲಸ ಮಾಡುವುದರಿಂದ, ಓರೆಯಾಗಿ ಬರುವ ಕಿರಣಕ್ಕೆ ಫಿಲ್ಟರಿನ ಕಿಂಡಿ ನೀಲಿಯ ಕಡೆಗೆ ಜರುಗುತ್ತದೆ. ಎಫ್/5ರ ದೂರದರ್ಶಕದಲ್ಲಿ ಅಂಚಿನ ಕಿರಣದ ಓರೆ ಸುಮಾರು 5.7 ಡಿಗ್ರಿ, ಜರುಗುವಿಕೆ ಒಂದು ನ್ಯಾನೋಮೀಟರಿಗಿಂತ ಕಡಿಮೆ. ಎಫ್/2ರಲ್ಲಿ ಓರೆ 14 ಡಿಗ್ರಿ ಮುಟ್ಟುತ್ತದೆ, ಅಂಚಿನ ಕಿರಣಗಳಿಗೆ ಜರುಗುವಿಕೆ ನಾಲ್ಕೈದು ನ್ಯಾನೋಮೀಟರುಗಳಾಗುತ್ತದೆ. ಅಂಥ ಕಡಿಮೆ ಎಫ್ ಅನುಪಾತದ ದೂರದರ್ಶಕಕ್ಕೆ ಮಾಮೂಲಿ 3 ನ್ಯಾನೋಮೀಟರ್ ಫಿಲ್ಟರ್ ಹಾಕಿದರೆ ನಮಗೆ ಬೇಕಾದ ರೇಖೆಯ ದೊಡ್ಡ ಪಾಲು ಹೊರಗೇ ಉಳಿಯುತ್ತದೆ. ಅದಕ್ಕೆಂದೇ ಮೊದಲೇ ಸರಿಸಿ ತಯಾರಿಸಿದ ಫಿಲ್ಟರ್‌ಗಳನ್ನು ಬಳಸಬೇಕು. ಎರಡನೆಯ ಮಿತಿ ನೈಟ್ರೋಜನ್‌ನದು. ಅದರ 658.4 ನ್ಯಾನೋಮೀಟರಿನ ರೇಖೆ ಹೈಡ್ರೋಜನ್ ಆಲ್ಫಾದ ಪಕ್ಕದಲ್ಲೇ ಇರುವುದರಿಂದ 6 ಅಥವಾ 7 ನ್ಯಾನೋಮೀಟರ್ ಫಿಲ್ಟರಿನಲ್ಲಿ ಎರಡೂ ಬೆರೆತು ಬರುತ್ತವೆ, 3ರಲ್ಲಿ ನೈಟ್ರೋಜನ್ ಬಹುತೇಕ ಹೊರಗುಳಿಯುತ್ತದೆ. ನೈಟ್ರೋಜನ್ ಸಮೃದ್ಧವಾಗಿರುವ ಗ್ರಹೀಯ ನೀಹಾರಿಕೆಗಳು (ಸಾಯುತ್ತಿರುವ ನಕ್ಷತ್ರಗಳು ಹೊರಚೆಲ್ಲಿದ ಅನಿಲದ ಪೊರೆಗಳು) ಕಿರಿದಾದ ಫಿಲ್ಟರಿನಲ್ಲಿ ಒಂದಿಷ್ಟು ಮಂದವಾಗಿ ಕಂಡರೆ ಅದು ಫಿಲ್ಟರಿನ ದೋಷವಲ್ಲ.

ಎರಡನೆಯ ಹೆಜ್ಜೆ: ದೂರದರ್ಶಕ ಮತ್ತು ಮೌಂಟ್

ಹೆಸರಾಂತ ಉತ್ಸರ್ಜನ ನೀಹಾರಿಕೆಗಳಲ್ಲಿ ಹೆಚ್ಚಿನವು ಆಕಾಶದಲ್ಲಿ ಹುಣ್ಣಿಮೆ ಚಂದ್ರನ ಹಲವು ಪಟ್ಟು ಅಗಲವಾಗಿವೆ. ಆದ್ದರಿಂದ 60ರಿಂದ 80 ಮಿಲಿಮೀಟರ್ ವ್ಯಾಸದ, 300ರಿಂದ 450 ಮಿಲಿಮೀಟರ್ ನಾಭಿದೂರದ ಚಿಕ್ಕ ರಿಫ್ರ್ಯಾಕ್ಟರ್ (ಮಸೂರದ ದೂರದರ್ಶಕ) ಸಾಕು. ಪ್ರತಿ ಪಿಕ್ಸೆಲ್ ಆಕಾಶದ ಎಷ್ಟು ಭಾಗವನ್ನು ನೋಡುತ್ತದೆಂದು ತಿಳಿಯಲು ಪಿಕ್ಸೆಲ್ ಗಾತ್ರವನ್ನು ಮೈಕ್ರಾನಿನಲ್ಲಿ ತೆಗೆದುಕೊಂಡು 206.265ರಿಂದ ಗುಣಿಸಿ, ಮಿಲಿಮೀಟರಿನಲ್ಲಿರುವ ನಾಭಿದೂರದಿಂದ ಭಾಗಿಸಬೇಕು. 3.76 ಮೈಕ್ರಾನ್ ಪಿಕ್ಸೆಲ್ ಮತ್ತು 400 ಮಿಲಿಮೀಟರ್ ನಾಭಿದೂರಕ್ಕೆ ಇದು ಸುಮಾರು 1.9 ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲೊಂದು ಭಾಗವೇ ಒಂದು ಆರ್ಕ್‌ಸೆಕೆಂಡ್) ಆಗುತ್ತದೆ. ನಗರದ ತಾರಸಿಗಳ ಮೇಲಿನ ಕದಡಿದ ಗಾಳಿಗೆ ಇದು ಸಮಂಜಸವಾದ ಪ್ರಮಾಣ.

ಹಣ ಹೂಡಲು ಯೋಗ್ಯವಾದದ್ದು ಮೌಂಟ್. ನ್ಯಾರೋಬ್ಯಾಂಡಿನಲ್ಲಿ ಒಂದೊಂದು ಫ್ರೇಮೂ ಐದು ಹತ್ತು ನಿಮಿಷಗಳದಾಗಿರುವುದರಿಂದ, ಭೂಮಿಯ ತಿರುಗುವಿಕೆಯನ್ನು ಅಷ್ಟು ಹೊತ್ತು ನಿಖರವಾಗಿ ಅನುಸರಿಸುವ ಈಕ್ವಟೋರಿಯಲ್ ಅಥವಾ ಹಾರ್ಮೋನಿಕ್ ಮೌಂಟ್ ಮತ್ತು ಪ್ರತ್ಯೇಕ ಗೈಡ್ ಕ್ಯಾಮೆರಾ ಅನಿವಾರ್ಯ. ಗೈಡಿಂಗ್‌ನ ಸರಾಸರಿ ದೋಷ ನಿಮ್ಮ ಪಿಕ್ಸೆಲ್ ಪ್ರಮಾಣಕ್ಕಿಂತ ಕಡಿಮೆಯಿದ್ದರೆ ನಕ್ಷತ್ರಗಳು ದುಂಡಗೆ ಬರುತ್ತವೆ.

ಮೂರನೆಯ ಹೆಜ್ಜೆ: ಗುರಿ ಮತ್ತು ರಾತ್ರಿಯ ಆಯ್ಕೆ

ಆರಂಭಿಕರು ಮೂರು ರೇಖೆಗಳಲ್ಲೂ ಪ್ರಬಲವಾಗಿರುವ, ದೊಡ್ಡ, ಪ್ರಕಾಶಮಾನ ಕಾಯವನ್ನು ಆರಿಸಿಕೊಳ್ಳಬೇಕು. ಮಹಾವ್ಯಾಧ ಪುಂಜದ ನೀಹಾರಿಕೆ ಎಂ 42 ಎಲ್ಲರಿಗೂ ಪರಿಚಿತವಾದರೂ ಅದರ ಒಡಲು ಅತಿ ಪ್ರಖರ, ಅಂಚು ಅತಿ ಮಂದ. ಇವೆರಡನ್ನೂ ಒಂದೇ ಚಿತ್ರದಲ್ಲಿ ನಿಭಾಯಿಸುವುದು ಹೊಸಬರಿಗೆ ಸುಲಭವಲ್ಲ. ಏಕಶೃಂಗಿ ಪುಂಜದ ರೊಸೆಟ್ ನೀಹಾರಿಕೆ, ರಾಜಹಂಸದ ನಾರ್ತ್ ಅಮೆರಿಕ ನೀಹಾರಿಕೆ ಎನ್‌ಜಿಸಿ 7000, ಕುಂತಿ ಪುಂಜದ ಹಾರ್ಟ್ ನೀಹಾರಿಕೆ ಐಸಿ 1805 ಇವು ಹೆಚ್ಚು ಸಹಕಾರಿ. ರಾಜಹಂಸದಲ್ಲೇ ಇರುವ ವೇಲ್ ನೀಹಾರಿಕೆ ನಕ್ಷತ್ರ ಸ್ಫೋಟದ ಅವಶೇಷ. ಅದರಲ್ಲಿ ಹೈಡ್ರೋಜನ್ ಮತ್ತು ಆಮ್ಲಜನಕದ ಎಳೆಗಳು ಪಕ್ಕಪಕ್ಕದಲ್ಲಿ ಬೇರೆಬೇರೆಯಾಗಿ ಹೆಣೆದುಕೊಂಡಿರುವುದರಿಂದ ಡ್ಯುಯಲ್ ಬ್ಯಾಂಡ್ ಫಿಲ್ಟರಿಗೆ ಅದಕ್ಕಿಂತ ಒಳ್ಳೆಯ ಗುರಿ ದೊರೆಯುವುದು ಕಷ್ಟ. ಕ್ಯಾಲಿಫೋರ್ನಿಯಾ ನೀಹಾರಿಕೆ ಎನ್‌ಜಿಸಿ 1499ರಲ್ಲಿ ಹೈಡ್ರೋಜನ್ ಪ್ರಬಲವಾಗಿದ್ದು ಆಮ್ಲಜನಕ ತೀರ ಕ್ಷೀಣವಾಗಿದೆ. ಒಂದೇ ಫಿಲ್ಟರ್ ಇರುವವರು ಅದನ್ನು ಧೈರ್ಯವಾಗಿ ಆರಿಸಬಹುದು.

ಕಾಯವು ದಿಗಂತದಿಂದ 30 ಡಿಗ್ರಿಗಿಂತ ಕೆಳಗಿರುವಾಗ ಅದರ ಬೆಳಕು ನೆತ್ತಿಯ ಮೇಲಿದ್ದಾಗಿನ ಎರಡು ಪಟ್ಟಿಗಿಂತ ಹೆಚ್ಚು ವಾಯುಮಂಡಲವನ್ನು ದಾಟಿ ಬರಬೇಕು. ಅದೇ ದಿಕ್ಕಿನಲ್ಲಿ ನಗರದ ಬೆಳಕಿನ ಗುಮ್ಮಟವೂ ದಟ್ಟವಾಗಿರುತ್ತದೆ. ಹೀಗಾಗಿ ಕಾಯ ಮಧ್ಯಾಹ್ನ ರೇಖೆಯನ್ನು (ಉತ್ತರದಿಂದ ದಕ್ಷಿಣಕ್ಕೆ ನೆತ್ತಿಯ ಮೂಲಕ ಹಾಯುವ ಕಾಲ್ಪನಿಕ ಗೆರೆಯನ್ನು) ದಾಟುವುದಕ್ಕೆ ಎರಡು ಮೂರು ಗಂಟೆ ಮೊದಲಿನಿಂದ ನಂತರದ ಎರಡು ಮೂರು ಗಂಟೆಯವರೆಗಿನ ಅವಧಿಗೆ ಯೋಜನೆ ಹಾಕಿಕೊಳ್ಳಬೇಕು.

ಚಂದ್ರನ ವಿಷಯದಲ್ಲಿ ಮೂರು ರೇಖೆಗಳೂ ಸಮಾನವಲ್ಲ. ಗಾಳಿಯ ಅಣುಗಳು ಬೆಳಕನ್ನು ಚದುರಿಸುವ ಪ್ರಮಾಣ ತರಂಗಾಂತರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ಈ ಲೆಕ್ಕವೊಂದನ್ನೇ ಹಿಡಿದರೆ 500.7 ನ್ಯಾನೋಮೀಟರಿನಲ್ಲಿ ಬೆಳದಿಂಗಳು 656.3ರಲ್ಲಿ ಚದುರುವುದಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚು ಚದುರುತ್ತದೆ. ಆದ್ದರಿಂದ ಚಂದ್ರನಿಲ್ಲದ ರಾತ್ರಿಗಳನ್ನು ಆಕ್ಸಿಜನ್-3ಕ್ಕೆ ಕಟ್ಟುನಿಟ್ಟಾಗಿ ಮೀಸಲಿಡಬೇಕು. ಹುಣ್ಣಿಮೆಯ ಆಸುಪಾಸಿನಲ್ಲಿ, ಚಂದ್ರನಿಂದ ಸಾಕಷ್ಟು ದೂರದ ಕಾಯವನ್ನು ಆರಿಸಿ, ಹೈಡ್ರೋಜನ್ ಆಲ್ಫಾ ಮತ್ತು ಸಲ್ಫರ್-2 ತೆಗೆಯಬಹುದು. ಹೊಸ ಉತ್ಸಾಹದಲ್ಲಿ ಅಮಾವಾಸ್ಯೆಯ ರಾತ್ರಿಯನ್ನೆಲ್ಲ ಹೈಡ್ರೋಜನ್ ಆಲ್ಫಾಕ್ಕೆ ಕೊಟ್ಟು, ಹುಣ್ಣಿಮೆಯ ವೇಳೆಗೆ ಆಕ್ಸಿಜನ್-3ಕ್ಕೆ ಕೈಹಾಕುವವರೇ ಹೆಚ್ಚು. ಕ್ರಮ ಇದಕ್ಕೆ ವಿರುದ್ಧವಾಗಿರಬೇಕು.

ನಾಲ್ಕನೆಯ ಹೆಜ್ಜೆ: ಅಡ್ಡ ಬೆಳಕಿನ ತಡೆ ಮತ್ತು ಫೋಕಸ್

ಬೀದಿದೀಪದ ನೇರ ಬೆಳಕು ದೂರದರ್ಶಕದ ನಳಿಗೆಯೊಳಗೆ ಬಿದ್ದರೆ ಫಿಲ್ಟರ್ ಎಷ್ಟೇ ಉತ್ತಮವಾಗಿದ್ದರೂ ಚಿತ್ರದಲ್ಲಿ ವಿಚಿತ್ರ ಛಾಯೆಗಳು ಮೂಡುತ್ತವೆ. ನಳಿಗೆಯ ಮುಂದಿನ ಡ್ಯೂ ಶೀಲ್ಡನ್ನು (ಇಬ್ಬನಿ ತಡೆಯುವ ಕೊಳವೆಯನ್ನು) ಕಪ್ಪು ಹಾಳೆಯಿಂದ ಉದ್ದವಾಗಿಸುವುದು, ದೀಪದ ದಿಕ್ಕಿಗೆ ಒಂದು ದಪ್ಪ ಬಟ್ಟೆಯ ಪರದೆ ಕಟ್ಟುವುದು ಇವೆರಡೂ ಸರಳ ಪರಿಹಾರಗಳು. ಫಿಲ್ಟರ್ ಚಕ್ರದ ಸಂದುಗಳಿಂದ ನುಸುಳುವ ಬೆಳಕನ್ನು ಪತ್ತೆಹಚ್ಚಲು ಹೀಗೆ ಮಾಡಿ: ದೂರದರ್ಶಕದ ಮುಚ್ಚಳ ಹಾಕಿ, ಕೋಣೆಯ ದೀಪ ಹಚ್ಚಿಟ್ಟು 300 ಸೆಕೆಂಡಿನ ಒಂದು ಫ್ರೇಮ್ ತೆಗೆಯಿರಿ, ದೀಪ ಆರಿಸಿ ಮತ್ತೊಂದನ್ನು ತೆಗೆಯಿರಿ. ಎರಡರ ಸರಾಸರಿ ಮೌಲ್ಯಗಳು ಬೇರೆಯಾಗಿದ್ದರೆ ಎಲ್ಲೋ ಸೋರಿಕೆಯಿದೆ.

ಸಾಧನಗಳನ್ನು ಕತ್ತಲಾಗುವುದಕ್ಕೆ ಮೊದಲೇ ಹೊರಗಿಟ್ಟು ಹೊರಗಿನ ಉಷ್ಣಾಂಶಕ್ಕೆ ಹೊಂದಿಕೊಳ್ಳಲು ಬಿಡಬೇಕು. ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಹೊಂದಿಸಬೇಕು. ಧ್ರುವ ನಕ್ಷತ್ರ ಕಟ್ಟಡಗಳ ಮರೆಯಲ್ಲಿದ್ದರೂ, ತೆಗೆದ ಚಿತ್ರದ ನಕ್ಷತ್ರಗಳನ್ನು ಗುರುತಿಸಿ ಅಕ್ಷದ ದೋಷವನ್ನು ಲೆಕ್ಕಹಾಕುವ ಸೌಲಭ್ಯ, ಕ್ಯಾಮೆರಾ ಮತ್ತು ಮೌಂಟನ್ನು ನಿಯಂತ್ರಿಸುವ ನಿನಾ ತಂತ್ರಾಂಶದ ಮೂರು ಬಿಂದುಗಳ ಹೊಂದಾಣಿಕೆಯಲ್ಲಿದೆ. ಚಿತ್ರದ ನಕ್ಷತ್ರಗಳಿಂದ ದಿಕ್ಕನ್ನು ಗುರುತಿಸುವ ಇದೇ ಪ್ಲೇಟ್ ಸಾಲ್ವಿಂಗ್‌ನಿಂದ, ಕಣ್ಣಿಗೆ ಏನೂ ಕಾಣದ ಆಕಾಶದಲ್ಲೂ ಕಾಯವನ್ನು ಚೌಕಟ್ಟಿನ ನಡುವೆ ನಿಲ್ಲಿಸಬಹುದು. ಗೈಡಿಂಗ್‌ಗೆ ಪಿಎಚ್‌ಡಿ2 ಬಹುಜನ ಬಳಸುವ ಉಚಿತ ತಂತ್ರಾಂಶ.

ಫೋಕಸ್‌ಗೆ ಸಮಯ ಕೊಡಬೇಕು. ಫೋಕಸ್ ಸರಿಯಾಗಿರುವ ವಲಯದ ಒಟ್ಟು ಆಳವನ್ನು ತರಂಗಾಂತರ, ಎಫ್ ಅನುಪಾತದ ವರ್ಗ ಮತ್ತು 4.88 ಇವುಗಳ ಗುಣಲಬ್ಧದಿಂದ ಅಂದಾಜು ಮಾಡುವುದು ರೂಢಿ. ಎಫ್/5ರಲ್ಲಿ ಇದು ಹೈಡ್ರೋಜನ್ ಆಲ್ಫಾಕ್ಕೆ ಸುಮಾರು 80 ಮೈಕ್ರಾನ್, ಆಕ್ಸಿಜನ್-3ಕ್ಕೆ ಸುಮಾರು 61 ಮೈಕ್ರಾನ್. ರಾತ್ರಿಯ ತಂಪಿಗೆ ನಳಿಗೆ ಕುಗ್ಗುವುದರಿಂದಲೇ ಈ ವಲಯವನ್ನು ದಾಟಿಬಿಡುವ ಸಂಭವವಿರುತ್ತದೆ. ಮಸೂರಗಳು ಕೆಂಪು ಮತ್ತು ಹಸಿರನ್ನು ಒಂದೇ ಬಿಂದುವಿನಲ್ಲಿ ಕೂಡಿಸದಿರುವುದೂ ಸಾಮಾನ್ಯ. ಆದ್ದರಿಂದ ಪ್ರತಿ ಫಿಲ್ಟರ್ ಬದಲಾದಾಗ ಮತ್ತು ಉಷ್ಣಾಂಶ ಒಂದೆರಡು ಡಿಗ್ರಿ ಇಳಿದಾಗ ಮತ್ತೆ ಫೋಕಸ್ ಮಾಡಬೇಕು. ಫೋಕಸ್ ಮೋಟಾರು ಇಲ್ಲದವರಿಗೆ ಬಹ್ತಿನೋವ್ ಮಾಸ್ಕ್ (ದೂರದರ್ಶಕದ ಮುಂದೆ ಇಡುವ ಸೀಳುಗಳ ತಟ್ಟೆ) ನಂಬಿಕಸ್ಥ ಸಾಧನ. ಪ್ರಕಾಶಮಾನ ನಕ್ಷತ್ರದ ಮೇಲೆ, ಬಳಸಲಿರುವ ಫಿಲ್ಟರ್ ಹಾಕಿಕೊಂಡೇ, ನಡುವಿನ ಕಿರಣ ಎರಡು ಓರೆ ಕಿರಣಗಳ ಸರಿಮಧ್ಯಕ್ಕೆ ಬರುವವರೆಗೆ ಹೊಂದಿಸಿ, ಬಳಿಕ ಮಾಸ್ಕನ್ನು ಮರೆಯದೆ ತೆಗೆಯಬೇಕು.

ಐದನೆಯ ಹೆಜ್ಜೆ: ಎಕ್ಸ್‌ಪೋಷರ್ ಲೆಕ್ಕಾಚಾರ

ಒಂದು ಫ್ರೇಮ್ ಎಷ್ಟು ಹೊತ್ತಿನದಾಗಿರಬೇಕೆಂಬುದನ್ನು ಬೇರೆಯವರ ಮಾತು ಕೇಳಿ ನಿರ್ಧರಿಸುವುದಕ್ಕಿಂತ ನಿಮ್ಮ ಆಕಾಶದಲ್ಲೇ ಅಳೆದು ನಿರ್ಧರಿಸುವುದು ಒಳ್ಳೆಯದು. ಪ್ರತಿ ಬಾರಿ ಸೆನ್ಸರನ್ನು ಓದುವಾಗಲೂ ಒಂದಿಷ್ಟು ರೀಡ್ ನಾಯ್ಸ್ ಸೇರುತ್ತದೆ. ಹಿನ್ನೆಲೆಯ ಬೆಳಕಿನಿಂದ ಬರುವ ಇಲೆಕ್ಟ್ರಾನುಗಳ ಸಂಖ್ಯೆ ರೀಡ್ ನಾಯ್ಸ್‌ನ ವರ್ಗದ ಹತ್ತು ಪಟ್ಟು ಮುಟ್ಟಿದರೆ, ರೀಡ್ ನಾಯ್ಸ್‌ನಿಂದ ಆಗುವ ಒಟ್ಟು ಹಾನಿ ಶೇಕಡಾ 5ಕ್ಕೆ ಇಳಿಯುತ್ತದೆ. ಅದಕ್ಕಿಂತ ಉದ್ದದ ಫ್ರೇಮ್‌ಗಳಿಂದ ಹೆಚ್ಚಿನ ಲಾಭವಿಲ್ಲ.

ಒಂದು ಉದಾಹರಣೆಯಿಂದ ಇದನ್ನು ನೋಡೋಣ. 300 ಸೆಕೆಂಡಿನ ಪರೀಕ್ಷಾ ಫ್ರೇಮಿನಲ್ಲಿ ನೀಹಾರಿಕೆಯೂ ನಕ್ಷತ್ರವೂ ಇಲ್ಲದ ಖಾಲಿ ಜಾಗದ ಸರಾಸರಿ ಮೌಲ್ಯ 600, ಮುಚ್ಚಳ ಹಾಕಿ ತೆಗೆದ ಅಷ್ಟೇ ಅವಧಿಯ ಡಾರ್ಕ್ ಫ್ರೇಮಿನ ಸರಾಸರಿ 500 ಎಂದಿಟ್ಟುಕೊಳ್ಳಿ. ವ್ಯತ್ಯಾಸ 100. ಆರಿಸಿಕೊಂಡ ಗೇನ್‌ನಲ್ಲಿ (ಸೆನ್ಸರಿನ ಸಂಕೇತವನ್ನು ವರ್ಧಿಸುವ ಮಟ್ಟದಲ್ಲಿ) ಪ್ರತಿ ಒಂದು ಮೌಲ್ಯಕ್ಕೆ 0.25 ಇಲೆಕ್ಟ್ರಾನ್ ಎಂದು ಕ್ಯಾಮೆರಾದ ವಿವರಪಟ್ಟಿ ಹೇಳಿದರೆ, ಹಿನ್ನೆಲೆಯಿಂದ 300 ಸೆಕೆಂಡಿಗೆ ಬಂದದ್ದು 25 ಇಲೆಕ್ಟ್ರಾನುಗಳು. ರೀಡ್ ನಾಯ್ಸ್ 1.5 ಇಲೆಕ್ಟ್ರಾನ್ ಆಗಿದ್ದರೆ ಅದರ ವರ್ಗ 2.25, ಹತ್ತು ಪಟ್ಟು 22.5. ಈ 22.5 ಇಲೆಕ್ಟ್ರಾನುಗಳು 270 ಸೆಕೆಂಡಿನಲ್ಲಿ ಕೂಡುತ್ತವೆ. ಅಂದರೆ ಈ ಆಕಾಶಕ್ಕೆ, ಈ ಫಿಲ್ಟರಿಗೆ, 300 ಸೆಕೆಂಡಿನ ಫ್ರೇಮ್ ಸರಿಯಾಗಿ ಸಾಕು. 600 ಸೆಕೆಂಡಿಗೆ ಹೋದರೆ ಗಾಳಿಯೋ ವಿಮಾನವೋ ಒಂದು ಫ್ರೇಮನ್ನು ಕೆಡಿಸಿದಾಗ ಆಗುವ ನಷ್ಟ ಇಮ್ಮಡಿಯಾಗುತ್ತದೆಯೇ ಹೊರತು ಚಿತ್ರದಲ್ಲಿ ಗುರುತಿಸುವಂಥ ಸುಧಾರಣೆ ಆಗುವುದಿಲ್ಲ. 14 ಬಿಟ್ ಅಥವಾ 12 ಬಿಟ್ ಕ್ಯಾಮೆರಾಗಳ ಮೌಲ್ಯಗಳನ್ನು ಹಲವು ತಂತ್ರಾಂಶಗಳು 16 ಬಿಟ್‌ಗೆ ಹಿಗ್ಗಿಸಿ ತೋರಿಸುತ್ತವೆ. ಲೆಕ್ಕಕ್ಕೆ ಮುನ್ನ ಕ್ರಮವಾಗಿ 4 ಅಥವಾ 16ರಿಂದ ಭಾಗಿಸಿಕೊಳ್ಳಬೇಕು.

ಒಂದು ಫ್ರೇಮಿನ ಅವಧಿಗಿಂತ ಒಟ್ಟು ಅವಧಿ ಬಹಳ ಮುಖ್ಯ. ಸಿಗ್ನಲ್ ಮತ್ತು ನಾಯ್ಸ್‌ನ ಅನುಪಾತ ಒಟ್ಟು ಸಮಯದ ವರ್ಗಮೂಲದಂತೆ ಏರುತ್ತದೆ. ಚಿತ್ರ ಎರಡರಷ್ಟು ನಯವಾಗಬೇಕಾದರೆ ನಾಲ್ಕರಷ್ಟು ಹೊತ್ತು ಬೇಕು. ಈ ಸಮಯವನ್ನು ಮೂರು ರೇಖೆಗಳಿಗೆ ಸಮಪಾಲು ಮಾಡುವುದು ನ್ಯಾಯವೆಂದು ತೋರಿದರೂ ಚಿತ್ರಕ್ಕೆ ಅದು ಹಿತವಲ್ಲ. ಹೈಡ್ರೋಜನ್ ಆಲ್ಫಾ ಹೆಚ್ಚಿನ ನೀಹಾರಿಕೆಗಳಲ್ಲಿ ಸುಲಭವಾಗಿ ಒಲಿಯುತ್ತದೆ. ಅಂತಿಮ ಚಿತ್ರದ ಗುಣಮಟ್ಟವನ್ನು ನಿರ್ಧರಿಸುವುದು ದುರ್ಬಲ ರೇಖೆಗಳು. ಒಟ್ಟು 12 ಗಂಟೆ ಸಿಗುವುದಾದರೆ ಹೈಡ್ರೋಜನ್‌ಗೆ 3, ಆಮ್ಲಜನಕಕ್ಕೆ 5, ಗಂಧಕಕ್ಕೆ 4 ಗಂಟೆ ಎಂಬ ಹಂಚಿಕೆಯನ್ನು ನಾನು ಶಿಫಾರಸು ಮಾಡುತ್ತೇನೆ. ಇಷ್ಟು ಸಮಯ ಒಂದೇ ರಾತ್ರಿಯಲ್ಲಿ ದೊರೆಯುವುದಿಲ್ಲ. ವರ್ಷದಲ್ಲಿ ಹತ್ತು ಕಾಯಗಳನ್ನು ಅರೆಬರೆ ತೆಗೆಯುವುದಕ್ಕಿಂತ ಮೂರನ್ನು ಪೂರ್ಣವಾಗಿ ತೆಗೆಯುವುದರಲ್ಲೇ ಹೆಚ್ಚಿನ ತೃಪ್ತಿಯಿದೆ.

ಎರಡು ಮೂರು ಫ್ರೇಮ್‌ಗಳಿಗೊಮ್ಮೆ ದೂರದರ್ಶಕವನ್ನು ಕೆಲವು ಪಿಕ್ಸೆಲ್‌ಗಳಷ್ಟು ಅತ್ತಿತ್ತ ಸರಿಸುವ ಡಿದರಿಂಗ್ ಅನ್ನು ತಪ್ಪಿಸಬಾರದು. ಹಾಗೆ ಮಾಡದಿದ್ದರೆ ಸೆನ್ಸರಿನ ಸ್ಥಿರ ದೋಷಗಳು ಒಟ್ಟುಗೂಡಿ, ಕತ್ತಲೆಯ ಹಿನ್ನೆಲೆಯಲ್ಲಿ ಒಂದೇ ದಿಕ್ಕಿನ ಗೀರುಗಳಾಗಿ ಕಾಣಿಸಿಕೊಳ್ಳುತ್ತವೆ; ಅವನ್ನು ಆಮೇಲೆ ತೆಗೆಯುವುದು ಬಹಳ ಕಷ್ಟ.

ಆರನೆಯ ಹೆಜ್ಜೆ: ಕ್ಯಾಲಿಬ್ರೇಷನ್ ಫ್ರೇಮ್‌ಗಳು

ಕ್ಯಾಮೆರಾದ ಮತ್ತು ದೂರದರ್ಶಕದ ದೋಷಗಳನ್ನು ಕಳೆಯಲು ತೆಗೆಯುವ ಚಿತ್ರಗಳೇ ಕ್ಯಾಲಿಬ್ರೇಷನ್ ಫ್ರೇಮ್‌ಗಳು. ಡಾರ್ಕ್ ಫ್ರೇಮ್‌ಗಳನ್ನು ಚಿತ್ರದ ಫ್ರೇಮ್‌ಗಳ ಅದೇ ಅವಧಿ, ಅದೇ ಗೇನ್, ಅದೇ ಆಫ್‌ಸೆಟ್ (ಪ್ರತಿ ಮೌಲ್ಯಕ್ಕೂ ಕ್ಯಾಮೆರಾ ಕೂಡಿಸುವ ಸ್ಥಿರ ಸಂಖ್ಯೆ) ಮತ್ತು ಅದೇ ಉಷ್ಣಾಂಶದಲ್ಲಿ ತೆಗೆಯಬೇಕು. ತಂಪುಗೊಳಿಸುವ ಕ್ಯಾಮೆರಾವನ್ನು ಮೈನಸ್ 10 ಡಿಗ್ರಿಯಂಥ ಒಂದೇ ಉಷ್ಣಾಂಶಕ್ಕೆ ನಿಗದಿಪಡಿಸಿಕೊಂಡರೆ, ಮೋಡದ ರಾತ್ರಿಯಲ್ಲಿ ತೆಗೆದಿಟ್ಟ ಡಾರ್ಕ್‌ಗಳನ್ನು ತಿಂಗಳುಗಟ್ಟಲೆ ಬಳಸಬಹುದು.

ಫ್ಲ್ಯಾಟ್ ಫ್ರೇಮ್‌ಗಳ ಮಹತ್ವ ನ್ಯಾರೋಬ್ಯಾಂಡಿನಲ್ಲಿ ಇನ್ನೂ ಹೆಚ್ಚು. ನಾವು ಹುಡುಕುತ್ತಿರುವ ಸಿಗ್ನಲ್ ಹಿನ್ನೆಲೆಗಿಂತ ಕೆಲವೇ ಶೇಕಡಾ ಮೇಲಿರುವಾಗ, ಫಿಲ್ಟರಿನ ಮೇಲೆ ಕೂತ ಧೂಳಿನ ಕಣದ ನೆರಳು ಕೂಡ ಅಷ್ಟೇ ಗಾಢವಾಗಿರುತ್ತದೆ. ಸ್ಟ್ರೆಚ್ ಮಾಡಿದ, ಅಂದರೆ ಮಂದ ಭಾಗಗಳು ಕಾಣುವಂತೆ ಹೊಳಪನ್ನು ಹಿಗ್ಗಿಸಿದ ಚಿತ್ರದಲ್ಲಿ ಅದು ಬಳೆಯಾಕಾರದ ಕಪ್ಪು ಕಲೆಯಾಗಿ ಎದ್ದುನಿಲ್ಲುತ್ತದೆ. ಫಿಲ್ಟರಿಗೊಂದರಂತೆ ಪ್ರತ್ಯೇಕ ಫ್ಲ್ಯಾಟ್‌ಗಳನ್ನು, ಕ್ಯಾಮೆರಾವನ್ನು ಬಿಚ್ಚದೆ, ತಿರುಗಿಸದೆ, ಫೋಕಸ್ ಕದಲಿಸದೆ ತೆಗೆಯಬೇಕು. ಎಲ್‌ಇಡಿ ಪ್ಯಾನೆಲ್‌ಗಳು 672 ನ್ಯಾನೋಮೀಟರಿನ ಸುತ್ತ ಮಂದವಾಗಿರುವುದರಿಂದ ಸಲ್ಫರ್-2ರ ಫ್ಲ್ಯಾಟ್‌ಗೆ ಉಳಿದವಕ್ಕಿಂತ ಹೆಚ್ಚು ಅವಧಿ ಬೇಕಾಗಬಹುದು. ಹಿಸ್ಟೋಗ್ರಾಂನ (ಪಿಕ್ಸೆಲ್‌ಗಳ ಹೊಳಪಿನ ಹಂಚಿಕೆಯ ನಕ್ಷೆಯ) ಶಿಖರ ಮೂರನೆಯ ಒಂದರಿಂದ ಅರ್ಧದವರೆಗಿನ ಜಾಗದಲ್ಲಿ ಬಂದರೆ ಸಾಕು; ಪ್ರತಿ ಫಿಲ್ಟರಿಗೂ 25ರಿಂದ 30 ಫ್ರೇಮ್‌ಗಳು, ಅದೇ ಅವಧಿಗೆ ಮುಚ್ಚಳ ಹಾಕಿ ತೆಗೆದ ಡಾರ್ಕ್ ಫ್ಲ್ಯಾಟ್‌ಗಳ ಸಹಿತ.

ಏಳನೆಯ ಹೆಜ್ಜೆ: ಸ್ಟ್ಯಾಕಿಂಗ್‌ನಿಂದ ಬಣ್ಣದವರೆಗೆ

ಸ್ಟ್ಯಾಕಿಂಗ್ ಎಂದರೆ ಹಲವು ಫ್ರೇಮ್‌ಗಳನ್ನು ಒಂದರ ಮೇಲೊಂದು ಜೋಡಿಸಿ ಒಂದೇ ಚಿತ್ರವಾಗಿಸುವುದು. ಉಚಿತ ತಂತ್ರಾಂಶವಾದ ಸಿರಿಲ್ ಅಥವಾ ಹಣ ಕೊಟ್ಟು ಪಡೆಯುವ ಪಿಕ್ಸ್‌ಇನ್‌ಸೈಟ್, ಎರಡರಲ್ಲೂ ಕೆಲಸದ ಕ್ರಮ ಒಂದೇ. ಮೊದಲು ಫ್ರೇಮ್‌ಗಳನ್ನು ಒಂದೊಂದಾಗಿ ನೋಡಿ, ಮೋಡ ಹಾದುಹೋದ ಅಥವಾ ನಕ್ಷತ್ರಗಳು ಉದ್ದವಾದ ಫ್ರೇಮ್‌ಗಳನ್ನು ಕೈಬಿಡಬೇಕು. ಉಪಗ್ರಹದ ಗೆರೆಯಿರುವ ಫ್ರೇಮ್‌ಗಳನ್ನು ಬಿಡಬೇಕಾಗಿಲ್ಲ; ಸಾಕಷ್ಟು ಫ್ರೇಮ್‌ಗಳಿದ್ದರೆ ಸ್ಟ್ಯಾಕಿಂಗ್‌ನಲ್ಲಿ ಉಳಿದವುಗಳಿಂದ ತೀರ ಬೇರೆಯಾದ ಮೌಲ್ಯಗಳನ್ನು ತಳ್ಳಿಹಾಕುವ ವಿಧಾನ ಅವನ್ನು ಅಳಿಸಿಬಿಡುತ್ತದೆ. ಪ್ರತಿ ರೇಖೆಯ ಸ್ಟ್ಯಾಕನ್ನೂ ಹೈಡ್ರೋಜನ್ ಆಲ್ಫಾದ ಸ್ಟ್ಯಾಕಿಗೆ ಜೋಡಿಸಿ ಅಂಚುಗಳನ್ನು ಕತ್ತರಿಸಬೇಕು. ಡ್ಯುಯಲ್ ಬ್ಯಾಂಡ್ ದತ್ತಾಂಶವಾದರೆ ಕೆಂಪಿನಿಂದ ಹೈಡ್ರೋಜನ್ನನ್ನೂ, ಹಸಿರು ಮತ್ತು ನೀಲಿಯಿಂದ ಆಮ್ಲಜನಕವನ್ನೂ ಬೇರ್ಪಡಿಸುವ ಸಿದ್ಧ ಸ್ಕ್ರಿಪ್ಟ್ ಸಿರಿಲ್‌ನಲ್ಲೇ ಇದೆ.

ನಗರದ ಬೆಳಕು ಚೌಕಟ್ಟಿನ ಒಂದು ಬದಿಯಲ್ಲಿ ಹೆಚ್ಚು, ಇನ್ನೊಂದು ಬದಿಯಲ್ಲಿ ಕಡಿಮೆ ಇರುವುದರಿಂದ ಉಂಟಾಗುವ ಇಳಿಜಾರನ್ನು ಗ್ರಾಕ್ಸ್‌ಪರ್ಟ್‌ನಂಥ ತಂತ್ರಾಂಶದಿಂದ ತೆಗೆಯುವಾಗ ಎಚ್ಚರ ಬೇಕು. ನೀಹಾರಿಕೆ ಚೌಕಟ್ಟನ್ನು ಪೂರ್ತಿ ತುಂಬಿರುವಾಗ ಅದರ ಮಂದ ಭಾಗಗಳನ್ನೇ ಇಳಿಜಾರು ಎಂದು ತಂತ್ರಾಂಶ ಭಾವಿಸಿ ಅಳಿಸುವ ಅಪಾಯವಿದೆ. ತೆಗೆದುಹಾಕಿದ ಹಿನ್ನೆಲೆಯ ಚಿತ್ರವನ್ನು ಪ್ರತ್ಯೇಕವಾಗಿ ತೆರೆದು ನೋಡಿ: ಅದರಲ್ಲಿ ನೀಹಾರಿಕೆಯ ಆಕಾರ ಕಂಡರೆ, ಅದು ನಿಮ್ಮ ಚಿತ್ರದಿಂದ ಹೋಗಿದೆ ಎಂದೇ ಅರ್ಥ.

ಮುಂದೆ ಸ್ಟಾರ್‌ನೆಟ್ ತಂತ್ರಾಂಶದಿಂದ ನಕ್ಷತ್ರಗಳನ್ನು ಬೇರ್ಪಡಿಸಿ, ಮೂರೂ ರೇಖೆಗಳನ್ನು ಪ್ರತ್ಯೇಕವಾಗಿ ಸ್ಟ್ರೆಚ್ ಮಾಡಬೇಕು. ಒಂದೇ ಪ್ರಮಾಣದಲ್ಲಿ ಸ್ಟ್ರೆಚ್ ಮಾಡಿದರೆ ಹೈಡ್ರೋಜನ್ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಆಮ್ಲಜನಕ ಮತ್ತು ಗಂಧಕವನ್ನು ಹೆಚ್ಚು ಹಿಗ್ಗಿಸಿ, ಮೂರರ ಹಿನ್ನೆಲೆಯ ಮಟ್ಟವನ್ನು ಸಮಗೊಳಿಸಬೇಕು. ದುರ್ಬಲ ರೇಖೆಗಳಿಗೆ ಹೆಚ್ಚು ಗಂಟೆಗಳನ್ನು ಕೊಟ್ಟದ್ದರ ಫಲ ಇಲ್ಲಿಯೇ ಕಾಣುವುದು.

ಗಂಧಕಕ್ಕೆ ಕೆಂಪು, ಹೈಡ್ರೋಜನ್‌ಗೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಡುವ ಎಸ್‌ಎಚ್‌ಒ ಜೋಡಣೆ ಹಬಲ್ ದೂರದರ್ಶಕವು 1995ರಲ್ಲಿ ತೆಗೆದ, ಈಗಲ್ ನೀಹಾರಿಕೆಯ ಕಂಬಗಳ ಚಿತ್ರದಿಂದ ಜಗತ್ಪ್ರಸಿದ್ಧವಾಯಿತು. ತರಂಗಾಂತರಗಳ ಏರಿಕೆಯ ಕ್ರಮವನ್ನೇ ನೀಲಿ, ಹಸಿರು, ಕೆಂಪುಗಳಿಗೆ ಹೊಂದಿಸಿರುವುದು ಇದರ ತರ್ಕ. ಇದರಲ್ಲಿ ಮೊದಲಿಗೆ ಚಿತ್ರವೆಲ್ಲ ಹಸಿರಾಗಿ ಕಾಣುತ್ತದೆ. ಹಸಿರನ್ನು ಪೂರ್ತಿ ಅಳಿಸಿಬಿಡದೆ ಹಳದಿ ಮತ್ತು ಹೊನ್ನಿನ ಕಡೆಗೆ ನಿಧಾನವಾಗಿ ಹೊರಳಿಸುವುದು ಒಳ್ಳೆಯದು, ಏಕೆಂದರೆ ಆ ಹಸಿರೇ ನಮ್ಮಲ್ಲಿರುವ ಅತ್ಯುತ್ತಮ ದತ್ತಾಂಶ. ಎರಡೇ ರೇಖೆಗಳಿದ್ದರೆ ಹೈಡ್ರೋಜನ್ ಕೆಂಪಿಗೆ, ಆಮ್ಲಜನಕ ಹಸಿರು ಮತ್ತು ನೀಲಿ ಎರಡಕ್ಕೂ ಹೋಗುವ ಎಚ್‌ಒಒ ಜೋಡಣೆ ಸಹಜ ಬಣ್ಣಕ್ಕೆ ಹತ್ತಿರವಾಗಿರುತ್ತದೆ.

ಹೈಡ್ರೋಜನ್ ಆಲ್ಫಾವನ್ನೇ ಪ್ರಕಾಶದ ಪದರವಾಗಿ, ಅಂದರೆ ಚಿತ್ರದ ಹೊಳಪನ್ನಷ್ಟೇ ನಿರ್ಧರಿಸುವ ಪದರವಾಗಿ, ಮೇಲೆ ಹೊದಿಸುವ ಪದ್ಧತಿ ಜನಪ್ರಿಯವಾಗಿದೆ, ಚಿತ್ರವನ್ನು ಥಟ್ಟನೆ ಚುರುಕುಗೊಳಿಸುತ್ತದೆ. ಆದರೆ ಹೈಡ್ರೋಜನ್ ಇಲ್ಲದೆ ಆಮ್ಲಜನಕ ಮಾತ್ರ ಇರುವ ಕಡೆ ಅದು ಚಿತ್ರವನ್ನು ಕತ್ತಲಾಗಿಸುತ್ತದೆ. ರಾಜಹಂಸದ ಕ್ರೆಸೆಂಟ್ ನೀಹಾರಿಕೆ ಎನ್‌ಜಿಸಿ 6888ರಲ್ಲಿ ಇದನ್ನು ಕಣ್ಣಾರೆ ಕಾಣಬಹುದು: ಹೈಡ್ರೋಜನ್‌ನ ಬಲೆಯಂಥ ಎಳೆಗಳ ಹೊರಗೆ ಆಮ್ಲಜನಕದ ನವಿರಾದ ನೀಲಿ ಪೊರೆಯೊಂದಿದೆ. ಹೈಡ್ರೋಜನ್ನನ್ನು ಪ್ರಕಾಶದ ಪದರವಾಗಿಸಿದ ಕ್ಷಣ ಗಂಟೆಗಟ್ಟಲೆ ಕೂಡಿಸಿದ ಆ ಪೊರೆ ಮಾಯವಾಗುತ್ತದೆ. ಮೂರೂ ರೇಖೆಗಳ ಗರಿಷ್ಠ ಮೌಲ್ಯವನ್ನೋ ತೂಕಭರಿತ ಸರಾಸರಿಯನ್ನೋ ಪ್ರಕಾಶದ ಪದರವಾಗಿ ಬಳಸುವುದು ಹೆಚ್ಚು ಪ್ರಾಮಾಣಿಕ.

ನ್ಯಾರೋಬ್ಯಾಂಡಿನ ನಕ್ಷತ್ರಗಳು ಎಸ್‌ಎಚ್‌ಒ ಜೋಡಣೆಯಲ್ಲಿ ನೇರಳೆಗೆಂಪಾಗಿ ಬರುತ್ತವೆ. ಫಿಲ್ಟರಿಲ್ಲದ ಬಣ್ಣದ ಕ್ಯಾಮೆರಾದಿಂದ, ಅಥವಾ ಏಕವರ್ಣದಲ್ಲಿ ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳಿಂದ, 30 ಸೆಕೆಂಡಿನ ಆಸುಪಾಸಿನ ಚಿಕ್ಕ ಫ್ರೇಮ್‌ಗಳನ್ನು ಒಟ್ಟು ಅರ್ಧ ಗಂಟೆಯಷ್ಟು ತೆಗೆದರೆ ನಕ್ಷತ್ರಗಳ ನಿಜ ಬಣ್ಣ ದೊರೆಯುತ್ತದೆ. ನಕ್ಷತ್ರಗಳು ಪ್ರಖರವಾಗಿರುವುದರಿಂದ ಬೆಳಕಿನ ಮಾಲಿನ್ಯ ಇಲ್ಲಿ ಅಡ್ಡಿಯಾಗುವುದಿಲ್ಲ. ನೀಹಾರಿಕೆಯ ಚಿತ್ರ ಸಿದ್ಧವಾದ ಮೇಲೆ ಈ ನಕ್ಷತ್ರಗಳನ್ನು, ಹೊಳಪು ಉಕ್ಕದಂತೆ ಎರಡು ಚಿತ್ರಗಳನ್ನು ಕೂಡಿಸುವ ಸ್ಕ್ರೀನ್ ವಿಧಾನದಲ್ಲಿ ಬೆರೆಸಬೇಕು. ನಾಯ್ಸ್ ತಗ್ಗಿಸುವ ಕೆಲಸವನ್ನು ನಕ್ಷತ್ರಗಳನ್ನು ಸೇರಿಸುವ ಮೊದಲೇ ಮುಗಿಸಬೇಕು, ಅದೂ ಹಿನ್ನೆಲೆ ಮೇಣದಂತೆ ನುಣುಪಾಗುವ ಮುನ್ನವೇ ನಿಲ್ಲಿಸಬೇಕು.

ಕೆಲಸ ಮುಗಿದ ಬಳಿಕ ಕ್ಯಾಲಿಬ್ರೇಟ್ ಮಾಡಿದ ಬಿಡಿ ಫ್ರೇಮ್‌ಗಳನ್ನು ಅಳಿಸದೆ ಇಟ್ಟುಕೊಂಡು, ಕ್ಯಾಮೆರಾದ ಕೋನ, ಕೇಂದ್ರದ ನಿರ್ದೇಶಾಂಕಗಳು ಮತ್ತು ಪ್ರತಿ ಫಿಲ್ಟರಿನ ಫೋಕಸ್ ಸ್ಥಾನವನ್ನು ಬರೆದಿಡಬೇಕು. ಅದೇ ಕಾಯ ಮುಂದಿನ ಋತುವಿನಲ್ಲಿ ಮರಳಿ ಮೇಲೇರಿದಾಗ ಅದೇ ಚೌಕಟ್ಟಿನಲ್ಲಿ ಆಮ್ಲಜನಕಕ್ಕೆ ಇನ್ನಷ್ಟು ಗಂಟೆಗಳನ್ನು ಸೇರಿಸಿ, ಹಳೆಯ ಫ್ರೇಮ್‌ಗಳೊಡನೆ ಹೊಸದಾಗಿ ಸ್ಟ್ಯಾಕ್ ಮಾಡಬಹುದು.